ಟ್ರಂಕು ತುಂಬ ಆಯೇರಿ, ಮಗಳಿಗೆ ಕನ್ನಡಕ ಇಲ್ಲ

ಮರಾಠಿ ನಾಡಿನ ವಾಕಡದ ದೊಡ್ಡ ಟವರುಗಳ ಬೆನ್ನಿಗೆ ತಗಡಿನ ಪತ್ರಾ ಹೊದಿಸಿದ ಒಂಟಿಕೋಣೆಯ ಖೋಲಿಗಳ ಒಂದು ಸಾಲಿದೆ. ಯಾದಗಿರಿ ಕಡೆಯಿಂದ ಬಂದು ಕಟ್ಟಡದ ಕೆಲಸಕ್ಕೆ ನಿಂತವರೇ ಅಲ್ಲಿ ಹೆಚ್ಚು. ಆ ಶನಿವಾರ ದೀಪ ಹಚ್ಚುವ ಹೊತ್ತಿಗೆ ಅನುಸೂಯಾ ತನ್ನ ಖೋಲಿಯ ಬಾಗಿಲಲ್ಲಿ ನಿಂತಿದ್ದಳು. ಏಳನೇ ಇಯತ್ತೆ ಓದುವ ಮಗಳು ಮುಕ್ತಾ ಮಧ್ಯಾಹ್ನವೇ ಶಾಲೆಯಿಂದ ಬರಬೇಕಿತ್ತು. ಬಂದಿರಲಿಲ್ಲ. ಅನುಸೂಯಾ ಶಾಲೆಯ ಗೇಟಿಗೆ ಹೋಗಿ ಬಂದಿದ್ದಳು, ಬಸ್ ಸ್ಟಾಪಿನಲ್ಲಿ ನಿಂತು ಬಂದಿದ್ದಳು, ಗೆಳತಿಯರ ಮನೆಯೆಲ್ಲ ಸುತ್ತಿದ್ದಳು. ಗಂಡ ಬಾಬುವಿಗೆ ಫೋನ್ ಮಾಡಿದರೆ ಎತ್ತುವವರಿಲ್ಲ. ಆತ ಎಲ್ಲಿದ್ದ ಗೊತ್ತೇ? ಕೂಲಿಯವರ ಮೇಸ್ತ್ರಿ ಮುಕಾದಮನ ಹೊಸ ಮನೆಯ ವಾಸ್ತುಶಾಂತಿಯಲ್ಲಿ ಊಟಕ್ಕೆ ಕುಳಿತಿದ್ದ. ಅದಕ್ಕಾಗಿ ಅರ್ಧ ದಿನದ ಕೆಲಸವನ್ನೂ ಬಿಟ್ಟಿದ್ದ.

ಕೊನೆಗೆ ಖಾಕಿ ತೊಟ್ಟ ಬಸ್ ಕಂಡಕ್ಟರ್ ಹೆಂಗಸೊಬ್ಬಳು ಮುಕ್ತಾಳ ಕೈ ಹಿಡಿದುಕೊಂಡು ಓಣಿಯಲ್ಲಿ ಬಂದಳು.

"ತಾಈ, ಹೀ ತುಮಚೀಚ್ ಮುಲಗೀ ಕಾ?" ನಿಮ್ಮದೇ ಮಗಳೇನು ಎಂದು ಮರಾಠಿಯಲ್ಲಿ ಕೇಳಿದಳು. ಹುಡುಗಿ ಯಾವುದೋ ಬಸ್ಸು ಹತ್ತಿ ನಿಗಡಿಯ ಕೊನೆಯ ಸ್ಟಾಪಿನಲ್ಲಿ ಅಳುತ್ತ ನಿಂತಿದ್ದಳಂತೆ. ಈಕೆ ತನ್ನ ಡ್ಯೂಟಿ ಮುಗಿಸಿ, ಕೇಳಿಕೊಂಡು ಕೇಳಿಕೊಂಡು ಮನೆತನಕ ತಂದು ಬಿಟ್ಟಿದ್ದಳು. ಇದರ ಕಣ್ಣು ಒಮ್ಮೆ ತೋರಿಸಿ ಎಂದು ಹೇಳಿ, ನೀರೂ ಕುಡಿಯದೆ ಹೊರಟೇ ಹೋದಳು.

"ಬೋರ್ಡ್ ಕಾಣಲಿಲ್ಲ ಅವ್ವಾ" ಎಂದಳು ಮುಕ್ತಾ.

"ಯಾರಿಗರೆ ಕೇಳಬೇಕಿತ್ತಿಲ್ಲ? ಬಾಯಿ ಇದ್ದಿಲ್ಲೇನ ನಿನಗ?"

"ದಿನಾ ಕೇಳ್ತೀನಿ. ಇವತ್ತ ಸ್ಟಾಪಿನ್ಯಾಗ ಯಾರೂ ಇದ್ದಿಲ್ಲ."

ದಿನಾ ಕೇಳುತ್ತಾಳಂತೆ! ಹೆತ್ತ ತಾಯಿಗೆ ಈ ಮಾತು ಗೊತ್ತೇ ಇರಲಿಲ್ಲ. ಗಣಪತಿ ಹಬ್ಬಕ್ಕೆ ಮೊದಲೇ ಶಾಲೆಗೆ ಬಂದ ಡಾಕ್ಟರು ಈ ಹುಡುಗಿಗೆ ದೂರದ್ದು ಕಾಣುವುದಿಲ್ಲ, ಚಸ್ಮಾ ಹಾಕಿಸಿ ಎಂದು ಬರೆದುಕೊಟ್ಟಿದ್ದರು. ಗಣಪತಿ ಹೋಯಿತು, ದಸರಾ ಹೋಯಿತು, ದೀಪಾವಳಿಯೂ ಆಗಿಹೋಯಿತು. ಈಗ ಸಂಕ್ರಾಂತಿ ಬಂದಿದೆ. ಕೇಳಿದಾಗಲೆಲ್ಲ ಬಾಬು ಹೇಳಿದ್ದು ಒಂದೇ ಮಾತು: "ಮುಂದಿನ ಖರ್ಚಿಗೆ ನೋಡೂಣು."

ಖರ್ಚಿ ಅಂದರೆ ಭಾನುವಾರ ಸಂಜೆ ಮುಕಾದಮ ಕೈಗೆ ಹಾಕುವ ವಾರದ ದುಡ್ಡು. ಅದು ಬರುತ್ತದೆ, ಹೋಗುತ್ತದೆ. ಎಲ್ಲಿಗೆ ಹೋಯಿತೆಂದು ಯಾರನ್ನು ಕೇಳಬೇಕು?

ಅಷ್ಟರಲ್ಲಿ ಬಾಬು ಬಂದ. ತಲೆಯ ಮೇಲೆ ಹೊಸ ಬಿಳಿ ಟೊಪಗಿ, ಹೆಗಲ ಮೇಲೆ ಹೊಸ ಟಾವೆಲ್ಲು, ಬಾಯಲ್ಲಿ ಎಲೆ ಅಡಿಕೆ.

"ತಲಿ ಮ್ಯಾಲ ಏನದು?" ಎಂದಳು ಅನುಸೂಯಾ.

"ಆಯೇರಿ. ಮುಕಾದಮ್ ಕಾರ್ಯಕ್ಕ ಬಂದವ್ರಿಗೆಲ್ಲಾ ಬಟ್ಟಿ ಕೊಟ್ಟು ಮರ್ಯಾದಿ ಮಾಡಿದಾ."

"ನೀವೇನ ಒಯ್ದಿದ್ರಿ?"

"ಗೊತ್ತಿಲ್ಲೇನ ನಿನಗ? ಅವಗ ಟಾವೆಲ್ಲ ಟೊಪಗಿ, ಅವನ ಹೇಂತಿಗೆ ಸೀರಿ."

"ಅಂದ್ರ ಟೊಪಗಿ ಕೊಟ್ಟು ಟೊಪಗಿ ತಂದ್ರಿ. ಮ್ಯಾಲ ಒಂದು ಸೀರಿ ಕೊಟ್ಟು ಬಂದ್ರಿ. ಅರ್ಧ ದಿನದ ಪಗಾರ ಬಿಟ್ಟು ಬಂದ್ರಿ. ಮಗಳು ಎಲ್ಲಿದ್ಲು ಅಂತ ಗೊತ್ತದೇನ್ರಿ ನಿಮಗ?"

ನಡೆದದ್ದನ್ನು ಕೇಳಿ ಬಾಬು ಮಗಳ ಪಕ್ಕ ಕುಳಿತ. ಆದರೂ ಬಾಯಿ ಸುಮ್ಮನಿರಲಿಲ್ಲ. "ಹಂಗಂತ ಮುಕಾದಮ್‌ನ ಮನಿಗೆ ಬರೀ ಕೈಲೆ ಹೋಗಾಕ ಆಗ್ತದೇನ? ಮಂದಿ ಏನಂತಾರ?"

"ಯಾವ ಮಂದಿ? ನಿಮ್ಮ ಮಗಳನ್ನ ಕೈ ಹಿಡದು ಮನಿಗೆ ತಂದಾಕಿಗೆ ನಾವು ಯಾವತ್ತೂ ಆಯೇರಿ ಮಾಡಿದ್ದಿಲ್ಲ. ಒಂದು ಕಪ್ ಚಹಾ ಸೈತ ಕುಡಸಲಿಲ್ಲ. ಆಯೇರಿ ತಗೊಂಡ ಮಂದಿ ಎಲ್ಲಿದ್ರು ಆವಾಗ? ಹೋಳಿಗಿ ತಿನ್ನಾಕತ್ತಿದ್ರು!" ಎಂದು ಕೂಗಿ ಅನುಸೂಯಾ ಆ ಟೊಪಗಿಯನ್ನು ಅವನ ತಲೆಯಿಂದ ಕಿತ್ತು ಮೂಲೆಗೆ ಎಸೆದಳು. ಮೂಲೆಯಲ್ಲಿ ಕುಳಿತಿದ್ದ ಅತ್ತೆ ಅವ್ವಮ್ಮ, "ಅಯ್ಯಯ್ಯ, ಶುಭಕಾರ್ಯದ ಟೊಪಗಿ ಹಂಗ ಒಗೀತಾರೇನ!" ಎಂದು ಅದನ್ನು ಎತ್ತಿ ಕೊಡವಿ ಮಡಚಿಟ್ಟಳು.

ಈ ಗದ್ದಲ ಕೇಳಿ ಪಕ್ಕದ ಖೋಲಿಯಿಂದ ಚಂದಮ್ಮ ಬಂದಳು. ಚಂದಮ್ಮ ಸೈಟಿನ ಹುಡುಗರಿಗೆ ರೊಟ್ಟಿ ಬಡಿದು ಮಾರುವ ಹೆಂಗಸು. ಓಣಿಯ ಬಚತ್ ಗಟ, ಅದೇ ನಮ್ಮ ಉಳಿತಾಯ ಸಂಘ, ಅದಕ್ಕೆ ಮುಂದಾಳು ಅವಳೇ. ಒಳಗೆ ಬಂದವಳು ಬಾಗಿಲ ಪಕ್ಕದ ಕಬ್ಬಿಣದ ಟ್ರಂಕಿನ ಮೇಲೆ ಕುಳಿತಳು. ನಡೆದದ್ದನ್ನೆಲ್ಲ ಕೇಳಿದಳು.

"ಈಗ ಬಯ್ದಾಡಿದ್ರ ಚಸ್ಮಾ ಬರ್ತದೇನ? ನಾಳಿ ಖರ್ಚಿ ಬರ್ತದ. ಮುಂದಿನ ಐತವಾರ ಇನ್ನೊಂದು ಬರ್ತದ. ಈ ಎರಡು ವಾರ ಸೆರಗಿನ ಗಂಟು ಬಿಚ್ಚಬ್ಯಾಡ್ರಿ. ನಮ್ಮ ಗಟದಾಗ ನಾಕು ಮನಿಯವ್ರು ಮಾಡ್ಯಾರ" ಎಂದಳು.

ಅನುಸೂಯಾಳ ಸಿಟ್ಟು ಈಗ ಚಂದಮ್ಮನ ಕಡೆ ತಿರುಗಿತು. "ಅಕ್ಕಾ, ದೊಡ್ಡ ಬಿಲ್ಡಿಂಗಿನ ಮಂದಿ ಮಾಡೂ ಆಟ ಅದು. ನಾ ಝಾಡು ಹೊಡದು ಕಸಾ ತಗಿಯೂ ಸೊಸಾಯಿಟ್ಯಾಗ ಒಬ್ಬಾಕಿ ಹಿಂಗ ಮಾಡಿದ್ಲು. ಒಂದು ವಾರ ಖರ್ಚಿಲ್ಲ ಅಂತ ಫೋನಿನ್ಯಾಗ ಹಾಕಿದ್ಲು. ಅದಕ್ಕೂ ಮದ್ಲ ಎರಡು ಗಾಡಿ ತುಂಬ ಸಾಮಾನು ತರಿಸಿ ತುಂಬಿಸಿಟ್ಟಿದ್ಲು! ನಮ್ಮ ಹಂತ್ಯಾಕ ಏನದ ಅಂತ ಬಿಡೂದು? ನಾವು ಹುಟ್ಟಿದಾಗಿಂದ ಖರ್ಚಿಲ್ಲದವ್ರ!"

"ಹೌದೇನ? ಹಂಗಾರ ನಾ ಕುಂತದ್ದು ಏನಿದು?"

ಚಂದಮ್ಮ ಎದ್ದು ಟ್ರಂಕಿನ ಮುಚ್ಚಳ ತೆಗೆದಳು.

ಆಯೇರಿ! ಮದುವೆಯದ್ದು, ತೊಟ್ಟಿಲದ್ದು, ವಾಸ್ತುಶಾಂತಿಯದ್ದು, ಜವಳದ್ದು. ಕುಪ್ಪಸಕ್ಕೆಂದು ಕೊಟ್ಟ ಜಂಪರ್ ಪೀಸುಗಳು ಕಂತೆ ಕಂತೆ. ತೆಳ್ಳನೆಯ ಟಾವೆಲ್ಲುಗಳು, ಒಮ್ಮೆ ನೀರು ಕಂಡರೆ ಮುದುಡಿಹೋಗುವ ಟೊಪಗಿಗಳು, ಹೊದಿಕೆಯ ಪ್ಲಾಸ್ಟಿಕ್ಕೂ ಹರಿಯದ ಸೀರೆಗಳು. ಯಾರೂ ಹೊಲಿಸಿಕೊಳ್ಳಲಿಲ್ಲ, ಯಾರೂ ಉಡಲಿಲ್ಲ. ಮನೆಗೆ ಬಂದ ಪ್ರತಿ ಆಯೇರಿಗೂ ಈ ಮನೆಯಿಂದ ಒಂದು ಆಯೇರಿ ಹೋಗಿದೆ, ಅದೂ ಅಂಗಡಿಯಿಂದ ಹೊಸದಾಗಿ ತಂದದ್ದು. "ಟ್ರಂಕಿನ್ಯಾಗಿಂದು ಕೊಟ್ರ ಹಗುರ ಕಾಣ್ತದ" ಎಂದು ಅವ್ವಮ್ಮನ ಕಟ್ಟಪ್ಪಣೆ. ಮಗಳಿಗೆ ಚಸ್ಮಾ ಬೇಕೆಂದಾಗ ಮುಂದಿನ ಖರ್ಚಿ. ಟೊಪಗಿ ಬೇಕೆಂದಾಗ ಮಾತ್ರ ಇದೇ ಖರ್ಚಿ! ಹೇಳಿ, ಇದಕ್ಕೆ ಸಿಟ್ಟು ಬರದಿದ್ದರೆ ಇನ್ಯಾವುದಕ್ಕೆ ಬರಬೇಕು?

"ಇದೆಲ್ಲಾ ನಮ್ಮ ಮುಕ್ತಾನ ಕಣ್ಣು" ಎಂದಳು ಅನುಸೂಯಾ. "ಹೇಳಕ್ಕಾ, ಹ್ಯಾಂಗ ಮಾಡಬೇಕು?"

ಚಂದಮ್ಮ ಹೇಳಿದಳು. ಖರ್ಚಿ ಕೈಗೆ ಬಂದ ಕೂಡಲೇ ಮನೆಯವರೆಲ್ಲ ಕೂಡಬೇಕು. ಖೋಲಿಯ ಬಾಡಿಗೆ, ಜೋಳ ಬೇಳೆ, ಎಣ್ಣೆ, ಗ್ಯಾಸು, ಅವ್ವಮ್ಮನ ಬಿಪಿ ಗುಳಿಗೆ, ಬಸ್ಸಿನ ದುಡ್ಡು ಇಷ್ಟನ್ನು ಮೊದಲು ತೆಗೆದಿಡಬೇಕು. ಉಳಿದದ್ದನ್ನು ಗಂಟು ಕಟ್ಟಬೇಕು. ಎರಡು ವಾರ ಅಂಗಡಿ, ಚಹಾದ ಟಪರಿ, ಬಜಾರು ಬಂದ್.

"ಉದ್ರಿ ತರಂಗಿಲ್ಲ. ಆ ಬಿಲ್ಡಿಂಗಿನಾಕಿ ಹಂಗ ಮದ್ಲ ತಂದು ತುಂಬಿಸಿ ಇಡಂಗಿಲ್ಲ. ಒಬ್ರು ಬಿಟ್ಟು ಮೂರು ಮಂದಿ ತಿಂದ್ರ ನಡೆಯಂಗಿಲ್ಲ. ಮತ್ತ ಗಂಟು ಯಾತಕ್ಕ ಅಂತ ಮದ್ಲ ಹೇಳಬೇಕು. ಹೆಸರಿಲ್ಲದ ಗಂಟು ಉಳಿಯಂಗಿಲ್ಲ" ಎಂದಳು.

"ಹೆಸರು ಮುಕ್ತಾನ ಚಸ್ಮಾ" ಎಂದಳು ಅನುಸೂಯಾ.

"ಕಣ್ಣಿನ ತಪಾಸಣಿ ಸರಕಾರಿ ದವಾಖಾನ್ಯಾಗ ಮಾಡಿಸೂಣು, ನಾ ಬರ್ತೀನಿ. ನಿಮಗ ಚಸ್ಮಾದ್ದಷ್ಟ ಬೇಕಾಗ್ತದ."

ಬಾಬು ಗೊಣಗಿದ. "ಸೈಟಿನ್ಯಾಗ ಎಲ್ಲಾರೂ ಚಹಾಕ್ಕ ಹೋಗೂಮುಂದ ನಾ ಒಬ್ಬನ ಕುಂದರಬೇಕೇನ?"

"ಕುಂದರ್ರಿ. ನಿಮ್ಮ ಮಗಳು ನಿಗಡ್ಯಾಗ ಒಬ್ಬಾಕಿನ ನಿಂತಿದ್ಲು" ಎಂದಳು ಅನುಸೂಯಾ. ಬಾಬು ಹೂಂಗುಟ್ಟಿ ಒಪ್ಪಿಕೊಂಡ.

ಅವ್ವಮ್ಮ ಮಾತ್ರ ಬಗ್ಗಲಿಲ್ಲ. ಅವಳ ಚಿಂತೆ ಬೇರೆಯೇ ಇತ್ತು. ಈ ಎರಡು ವಾರ ಮುಗಿಯುವ ಭಾನುವಾರವೇ ಶಿರೂರಿನಲ್ಲಿ ಅವಳ ಮಗಳು ಯಮನವ್ವನ ಕೂಸಿಗೆ ಜವಳ. ಕೂಸಿನ ಮೊದಲ ಕೂದಲು ತೆಗೆಯುವಾಗ ಅದು ಸೋದರಮಾವನ ತೊಡೆಯ ಮೇಲೆ ಕೂಡಬೇಕು. ಆ ಸೋದರಮಾವ ನಮ್ಮ ಬಾಬು. "ತವರಿನವ್ರು ಬರೀ ಕೈಲೆ ಹೋದ್ರ ನನ್ನ ಮಗಳು ಅತ್ತಿ ಮನ್ಯಾಗ ತಲಿ ಎತ್ತಂಗಿಲ್ಲ!" ಎಂದು ಅವ್ವಮ್ಮ ಅತ್ತಳು.

ಚಂದಮ್ಮ ಟ್ರಂಕಿನಿಂದ ಜಂಪರ್ ಪೀಸುಗಳ ಒಂದು ಕಂತೆ ಎತ್ತಿ ಅವಳ ಮಡಿಲಿಗೆ ಹಾಕಿದಳು. "ಊರಾಗ ನೀ ಹೊಲ್ದ ಕೌದಿ ಹೊದ್ದವ್ರು ಇನ್ನೂ ಹೆಸರ ತಗೀತಾರ ಯವ್ವ. ಕೂಸಿಗೊಂದು ಸಣ್ಣ ಕೌದಿ ಹೊಲಿ. ಅಜ್ಜಿ ಕೈಯಿಂದು. ಅದಕ್ಕಿಂತ ದೊಡ್ಡ ಆಯೇರಿ ಯಾವ ಅಂಗಡ್ಯಾಗ ಅದ?"

"ಚಿಂದಿ ಒಯ್ಯೂದೇನ ಮಗಳ ಮನಿಗೆ" ಎಂದು ಅವ್ವಮ್ಮ ಮೂತಿ ತಿರುಗಿಸಿದಳು. ಆದರೆ ಬೆರಳುಗಳು ಆಗಲೇ ಬಟ್ಟೆಯ ಅಂಚು ಹೊಂದಿಸಿ ನೋಡುತ್ತಿದ್ದವು.

ಭಾನುವಾರ ಖರ್ಚಿ ಬಂತು. ಬೇಕಾದದ್ದು ತೆಗೆದಿಟ್ಟು ಉಳಿದದ್ದನ್ನು ಅನುಸೂಯಾ ಒಂದು ಹಳೆಯ ಸೀರೆಯ ಸೆರಗಿಗೆ ಕಟ್ಟಿದಳು. ಆ ಸೀರೆಯನ್ನು ಟ್ರಂಕಿನೊಳಗೆ ಇಟ್ಟು ಅದರ ಮೇಲೆ ತಾನೇ ಕುಳಿತಳು. ಅವತ್ತು ಪತ್ರಾ ಖೋಲಿಗಳ ಮುಂದೆ ಖರ್ಚಿಯ ದಿನವೇ ಬರುವ ಟೆಂಪೋ ಬಂತು. ಪ್ಲಾಸ್ಟಿಕ್ ಡಬ್ಬಿ, ಬಣ್ಣದ ಬಕೆಟ್ಟು, ಮಕ್ಕಳ ಚಪ್ಪಲಿ ಎಲ್ಲವೂ ಅದರಲ್ಲಿ. ಟೆಂಪೋದವನಿಗೆ ನಮ್ಮ ಖರ್ಚಿಯ ದಿನ ನಮಗಿಂತ ಚೆನ್ನಾಗಿ ಗೊತ್ತು! ಅನುಸೂಯಾ ಬಾಗಿಲು ಹಾಕಿಕೊಂಡಳು.

ಬಾಯಲ್ಲಿ ಹೇಳಿದಷ್ಟು ಸುಲಭ ಇರಲಿಲ್ಲ. ವಾರದ ನಡುವೆ ಬಾಬುವಿನ ಬಾಯಲ್ಲಿ ಮಾವಾದ ವಾಸನೆ ಬಂತು. ಸುಣ್ಣ ತಂಬಾಕಿನ ಆ ಪುಡಿಕೆ ಅವನ ಅಂಗಿಯ ಜೇಬಲ್ಲೇ ಸಿಕ್ಕಿತು. "ಗೆಳ್ಯಾ ಕೊಟ್ಟಾ" ಎಂದ. ಕೊಟ್ಟಿರಲಿಲ್ಲ, ಕೊಂಡಿದ್ದ. ಅನುಸೂಯಾ ಪುಡಿಕೆಯನ್ನು ಮುಕ್ತಾಳ ಕೈಗೆ ಕೊಟ್ಟು, "ಹೋಗು, ನಿನ್ನ ಅಪ್ಪಗ ನೀನ ಕೊಡು" ಎಂದಳು. ಮುಕ್ತಾ ಅದನ್ನು ಹಿಡಿದು ಅಪ್ಪನ ಮುಂದೆ ನಿಂತಳು. ಬಾಬು ತೆಗೆದುಕೊಳ್ಳಲಿಲ್ಲ. ಎದ್ದು ಹೋಗಿ ಗಟಾರಕ್ಕೆ ಚೆಲ್ಲಿ ಬಂದ. ಒಂದು ದಿನ ತಪ್ಪಿತೆಂದು ಗಂಟು ಬಿಚ್ಚಬೇಕಾಗಿಲ್ಲ, ಮರುದಿನ ಮತ್ತೆ ಸರಿಯಾಗಿ ಹಿಡಿದರೆ ಆಯಿತು ಎಂದಳು ಚಂದಮ್ಮ.

ಚಂದಮ್ಮ ನಿಜವಾಗಿ ಬೈದದ್ದು ಅನುಸೂಯಾಳನ್ನು. ಸೊಸಾಯಿಟಿಯ ಮೆಟ್ಟಿಲು ಒರೆಸುವಾಗ ಅನುಸೂಯಾಳಿಗೆ ಕಣ್ಣು ಕತ್ತಲೆ ಬಂತು. ಕೇಳಿದರೆ, ಗಂಟು ದೊಡ್ಡದಾಗಲಿ ಎಂದು ಮುಂಜಾನೆಯ ರೊಟ್ಟಿ ಬಿಟ್ಟಿದ್ದಳು.

"ಇದೇನ ಉಪವಾಸ ಅನ್ಕೊಂಡಿಯೇನ? ನಿನ್ನ ರೊಟ್ಟಿ ಯಾವಾಗ ದಂಡದ ಖರ್ಚಾತು? ಗಂಡಸರ ಮಾವಾ ಬಿಡಸೂ ಮದ್ಲ ಹೆಣ್ಣುಮಕ್ಕಳು ತಮ್ಮ ತಾಟ ಖಾಲಿ ಮಾಡ್ತೀರಿ, ಎಲ್ಲಾ ಮನ್ಯಾಗೂ ಇದ ಹಣೇಬರ! ಕುಂದರು, ಉಣ್ಣು!" ಎಂದು ಚಂದಮ್ಮ ಎದುರು ಕುಳಿತು ರೊಟ್ಟಿ ತಿನ್ನಿಸಿದಳು. ಅನ್ನ, ಔಷಧ, ಮಕ್ಕಳ ಶಾಲೆ ಇವನ್ನು ಮುಟ್ಟಬಾರದು ಎಂದು ಮತ್ತೊಮ್ಮೆ ಹೇಳಿದಳು.

ಇತ್ತ ಕೌದಿ ಬೆಳೆಯುತ್ತಿತ್ತು. ಅವ್ವಮ್ಮನ ಕಣ್ಣಿಗೆ ಸೂಜಿ ಕಾಣದು. ದಾರ ಪೋಣಿಸಿ ಕೊಡುವವಳು ಮುಕ್ತಾ. ಒಂದು ಸಲಕ್ಕೇ ಪಟ್ಟನೆ ಪೋಣಿಸುತ್ತಿದ್ದಳು. ಅದನ್ನು ನೋಡಿ ಅವ್ವಮ್ಮನ ತಲೆಯಲ್ಲಿ ಸಂಶಯ ಹೊಕ್ಕಿತು.

"ಏ ಪೋರಿ, ಸೂಜಿ ಕಣ್ಣು ಕಾಣ್ತದ, ಇಷ್ಟು ದೊಡ್ಡ ಬಸ್ಸಿನ ಬೋರ್ಡ್ ಕಾಣಂಗಿಲ್ಲೇನ ನಿನಗ? ನಾಟಕ! ಚಸ್ಮಾ ಹಾಕ್ಕೊಂಡು ಮೆರೀಬೇಕಂತ ನಾಟಕ ನಡಸ್ಯಾಳ. ನೀವೆಲ್ಲಾ ಅದಕ್ಕ ಕುಣಿಲಾಕತ್ತೀರಿ."

"ಹತ್ತಿರದ್ದು ಕಾಣ್ತದ ಆಯಿ, ದೂರದ್ದ ಕಾಣಂಗಿಲ್ಲ" ಎಂದಳು ಮುಕ್ತಾ.

"ಹೌದು ಯವ್ವ, ಹಂಗೂ ಇರ್ತದ. ನಿನಗ ದೂರದ್ದು ಕಾಣ್ತದ, ಹತ್ತಿರದ್ದು ಕಾಣಂಗಿಲ್ಲ. ಅಕಿಗೆ ತಿರುವಿ ಆಗ್ಯಾದ" ಎಂದು ಚಂದಮ್ಮ ತಿಳಿಸಿ ಹೇಳಿದಳು. ಅವ್ವಮ್ಮ ನಂಬಲಿಲ್ಲ. ಅನುಸೂಯಾಳಿಗೆ ಅತ್ತೆಯನ್ನು ಹಿಡಿದು ಅಲುಗಾಡಿಸುವಷ್ಟು ಸಿಟ್ಟು ಬಂತು. ಹಲ್ಲು ಕಚ್ಚಿ ಹಿಟ್ಟು ನಾದಲು ಕುಳಿತಳು.

ಎರಡನೇ ಖರ್ಚಿಯೂ ಬಂತು. ಅದರ ಉಳಿಕೆಯೂ ಅದೇ ಸೆರಗಿಗೆ ಹೋಯಿತು. ಇತ್ತ ಸೈಟಿನಲ್ಲಿ ಬಾಬು ಟಪರಿಗೆ ಹೋಗುವುದನ್ನು ಬಿಟ್ಟ ಮೇಲೆ ಇನ್ನೂ ಇಬ್ಬರು ಮನೆಯಿಂದಲೇ ಚಹಾ ತರತೊಡಗಿದರು. ಮುಕಾದಮ ಅವನಿಗೆ ಎಂದಿನಂತೆ ಕೆಲಸ ಕೊಟ್ಟ. ಯಾರ ಆಯೇರಿ ಯಾವುದೆಂದು ಅವನಿಗೆ ನೆನಪೂ ಇರಲಿಲ್ಲ.

ಜವಳದ ಭಾನುವಾರ ಎಲ್ಲರೂ ಸರಕಾರಿ ಎಸ್‌ಟಿ ಬಸ್ಸಿನಲ್ಲಿ ಶಿರೂರಿಗೆ ಹೋದರು. ಯಮನವ್ವನ ಗಂಡ ಚನ್ನವೀರ ಅಲ್ಲಿ ಕಾಳಿನ ಅಡತಿ ಅಂಗಡಿಯಲ್ಲಿ ಮೂಟೆ ಹೊರುವ ಹಮಾಲಿ ಮಾಡುತ್ತಾನೆ. ಮನೆ ಮುಂದೆ ಸಣ್ಣ ಮಂಟಪ ಹಾಕಿದ್ದರು. ಬಾಬುವಿನ ತೊಡೆಯ ಮೇಲೆ ಕೂಸಿನ ಕೂದಲು ತೆಗೆದರು. ಅವ್ವಮ್ಮನ ಕೌದಿಯನ್ನು ಹೊದಿಸಿದರು. ಕೆಂಪು, ಹಸಿರು, ಹಳದಿ ಚೌಕಗಳ ಆ ಕೌದಿಯನ್ನು ಬೀಗರ ಮನೆಯ ಹೆಂಗಸರೆಲ್ಲ ಮುಟ್ಟಿ ಮುಟ್ಟಿ ನೋಡಿದರು. ಒಬ್ಬಳು ತನ್ನ ಮೊಮ್ಮಗನಿಗೂ ಒಂದು ಹೊಲಿದುಕೊಡಲು ಕೇಳಿದಳು. ಅಲ್ಲಿಗೇ ನಿಂತಿದ್ದರೆ ಎಲ್ಲವೂ ಸುಸೂತ್ರವಾಗುತ್ತಿತ್ತು.

ಆದರೆ ಅವ್ವಮ್ಮನ ಮನಸ್ಸು ಕೇಳಬೇಕಲ್ಲ! ಚಿಂದಿ ತಂದರು ಎಂದಾರೋ ಎಂಬ ಹೆದರಿಕೆಗೆ ಅವಳು ಯಾರಿಗೂ ಹೇಳದೆ ಟ್ರಂಕಿನಿಂದ ಒಂದು ಸೀರೆ ಎತ್ತಿ ತನ್ನ ಚೀಲದಲ್ಲಿ ಹಾಕಿಕೊಂಡು ಬಂದಿದ್ದಳು. ಗಿಳಿಹಸಿರು, ಕೆಂಪು ಅಂಚು. ಎಲ್ಲರ ಮುಂದೆ ಅದನ್ನು ತೆಗೆದು ಮಗಳ ಕೈಗೆ ಕೊಟ್ಟಳು.

ಯಮನವ್ವ ಸೀರೆಯನ್ನು ತಿರುವಿ ನೋಡಿದಳು. ಪ್ಲಾಸ್ಟಿಕ್ಕಿನ ಮೂಲೆಯಲ್ಲಿ ಕುಂಕುಮದ ಹೆಬ್ಬೆಟ್ಟಿನ ಗುರುತಿತ್ತು. ಅವಳು ಅಣ್ಣನ ಹೆಂಡತಿಯ ಕಡೆ ಸಿಟ್ಟಿನಿಂದ ತಿರುಗಿದಳು.

"ವೈನೀ, ಇದು ನಮ್ಮ ಮೈದುನನ ಲಗ್ನದಾಗ ನಾ ನಿಮಗ ಆಯೇರಿ ಮಾಡಿದ ಸೀರಿ! ಈ ಕುಂಕುಮ ನಾನ ಹಚ್ಚಿದ್ದು. ನನ್ನ ಸೀರಿ ನನಗ ತಂದಿರೇನ? ಅತ್ತಿ ಮನಿ ಮಂದಿ ಮುಂದ ನನ್ನ ಮಾನ ಕಳದ್ರಿ! ಇದಕ್ಕಿಂತ ಬರೀ ಕೈಲೆ ಬಂದಿದ್ರ ಚಲೋ ಇತ್ತು! ಮತ್ತ ನಿಮ್ಮ ಮಗಳು, ಏನ ಸೊಕ್ಕು ಅಕಿಗೆ! ಬಂದ ಕೂಡಲೆ ನನ್ನ ಮುಂದ ಹಾದು ಹೋಗಿ ಆ ಹಸಿರು ಸೀರಿ ಉಟ್ಟಾಕಿ ಕಾಲಿಗೆ ಬಿದ್ಲು. ಸ್ವಂತ ಅತ್ತಿ ಕಣ್ಣಿಗೆ ಬೀಳಲಿಲ್ಲೇನ?"

ಅನುಸೂಯಾ ಆ ಸೀರೆಯನ್ನು ಮೊದಲ ಸಲ ನೋಡುವಂತೆ ನೋಡಿದಳು. ಅವಳಿಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಇಷ್ಟು ದಿನ ಹಲ್ಲು ಕಚ್ಚಿ ಹಿಡಿದದ್ದೆಲ್ಲ ಹೊರಗೆ ಬಂತು.

"ಏನಂದಿ ಯಮನವ್ವ? ಬರೀ ಕೈಲೆ ಬಂದಿದ್ರ ನಡೀತಿತ್ತೇನ? ಹಂಗಂತ ಮದ್ಲ ಯಾಕ ಹೇಳಲಿಲ್ಲ ನೀವು ಯಾರೂ? ನಿಮ್ಮೆಲ್ಲರ ಮನಿಗೆ ಟೊಪಗಿ, ಟಾವೆಲ್ಲ, ಸೀರಿ ಹೊತ್ತು ಹೊತ್ತು ನನ್ನ ಮಗಳಿಗೆ ಚಸ್ಮಾ ಹಾಕಸಲಿಲ್ಲ ನಾವು. ಗಣಪತಿ ಹಬ್ಬದಿಂದ ಕುರುಡು ಮಾಡಿ ಇಟ್ಟೀವಿ ಅಕಿಗೆ! ಅಕಿ ನಿನ್ನ ಮುಂದ ಹಾದು ಹೋದದ್ದು ಸೊಕ್ಕಿಗಲ್ಲ. ಅಕಿಗೆ ನಿನ್ನ ಮಾರಿ ಕಾಣಂಗಿಲ್ಲ!"

ಯಮನವ್ವ ಮಂಟಪದ ಆ ತುದಿಗೆ ನಿಂತಿದ್ದ ಮುಕ್ತಾಳನ್ನು ನೋಡಿ ಕೈ ಎತ್ತಿದಳು.

"ಮುಕ್ತಾ, ಇಲ್ಲಿ ನೋಡವ್ವ. ನನ್ನ ಕೈಯಾಗ ಏನದ?"

ಹುಡುಗಿ ಕಣ್ಣು ಕಿರಿದು ಮಾಡಿ ನೋಡಿದಳು. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆಂದು ಗೊತ್ತಾಗಿ ಗಾಬರಿಯಾದಳು. "ಕೂಸಿನ ಕುಂಚಗೀನಾ ಅತ್ತಿ?" ಎಂದಳು.

ಯಮನವ್ವನ ಕೈಯಲ್ಲಿದ್ದದ್ದು ಕೂಸಿನ ತಲೆಗೆ ಕಟ್ಟುವ ಕುಂಚಿಗೆಯಲ್ಲ, ಅದೇ ಗಿಳಿಹಸಿರು ಸೀರೆ.

ಅವ್ವಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. "ನಾಟಕ ಅಂದಿದ್ದೆ ನಾ... ನನ್ನ ಬಾಯಾಗ ಮಣ್ಣು ಬೀಳ್ಲಿ, ನಾಟಕ ಅಂದಿದ್ದೆ" ಎಂದು ಅಲ್ಲೇ ಕುಳಿತು ಅಳತೊಡಗಿದಳು. ಮುಕ್ತಾ ಬಂದು ಅವಳ ಪಕ್ಕ ಕುಳಿತಳು.

ಆಗ ಯಮನವ್ವನ ಅತ್ತೆ ಮೆಲ್ಲಗೆ ಬಾಯಿ ಬಿಟ್ಟಳು. "ಈ ಸೀರಿ ನಾವೂ ಅಂಗಡಿಯಿಂದ ತಂದಿದ್ದಿಲ್ಲ ತಗೀರಿ. ಅದು ನಮ್ಮ ಭಾವನ ಮನಿಯಿಂದ ಬಂದದ್ದು. ಅವರಿಗೆ ಯಾರು ಕೊಟ್ಟಿದ್ರೋ ದೇವರಿಗೇ ಗೊತ್ತು." ಯಮನವ್ವ ತಲೆ ತಗ್ಗಿಸಿದಳು. ಎಷ್ಟು ಮನೆ ತಿರುಗಿತೋ ಆ ಸೀರೆ! ಒಬ್ಬರ ಮೈಮೇಲೂ ಬಂದಿರಲಿಲ್ಲ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರಿಗೂ ನಗಲೂ ಆಗಲಿಲ್ಲ, ಬೈಯಲೂ ಆಗಲಿಲ್ಲ.

ಚನ್ನವೀರ ಬಂದ ಮಂದಿಗೆ ಹಾಕಲು ತಂದಿಟ್ಟಿದ್ದ ಟೊಪಗಿಗಳ ಗಂಟನ್ನು ಒಳಗೆ ಒಯ್ದಿಟ್ಟ. "ಈ ಟೊಪಗಿ ನಾಳಿ ಅಂಗಡಿಗೆ ಪರತ್ ಕೊಡ್ತೀನಿ. ಇಲ್ಲಿ ಮರಾಠಿ ಮಂದಿ ಎಷ್ಟೋ ಮನಿಯವ್ರು ಕಾರ್ಡಿನ್ಯಾಗ ‘ಆಹೇರ್ ಆಣೂ ನಯೇ’ ಅಂತ ಬರಸ್ತಾರ. ಆಯೇರಿ ತರಬ್ಯಾಡ್ರಿ ಅಂತ. ನಮ್ಮ ಮನ್ಯಾಗ ಮುಂದಿನ ಕಾರ್ಯಕ್ಕ ನಾವೂ ಹಂಗ ಹೇಳೂಣು. ಬಂದು ಉಂಡು ಹೋಗ್ರಿ, ಸಾಕು" ಎಂದ.

ಮರುದಿನ ಅನುಸೂಯಾ ಹಳೆಯ ಸೀರೆಯ ಗಂಟು ಬಿಚ್ಚಿದಳು. ಚಂದಮ್ಮ ಹೇಳಿದಂತೆ ಜೊತೆಗೆ ಬಂದಳು. ಸರಕಾರಿ ದವಾಖಾನೆಯಲ್ಲಿ ತಪಾಸಣೆಯಾಯಿತು. ಗಂಟಿನ ದುಡ್ಡು ಚಸ್ಮಾಕ್ಕೆ ಸಾಕಾಯಿತು, ಸ್ವಲ್ಪ ಉಳಿಯಿತು ಕೂಡ. ಉಳಿದದ್ದಕ್ಕೆ ಅಲ್ಲೇ ಒಂದು ಹೊಸ ಹೆಸರಿಟ್ಟರು: ಅವ್ವಮ್ಮನ ಚಸ್ಮಾ.

ಮುಕ್ತಾಳ ಚಸ್ಮಾ ತಯಾರಾಗಿ ಬಂದ ದಿನ ಅನುಸೂಯಾ ಅವಳನ್ನು ಬಸ್ ಸ್ಟಾಪಿಗೆ ಕರೆದುಕೊಂಡು ಹೋದಳು. ಬಂದ ಪ್ರತಿ ಬಸ್ಸಿನ ಬೋರ್ಡನ್ನೂ ಮುಕ್ತಾ ಓದಿದಳು, ದೂರದಲ್ಲಿದ್ದಾಗಲೇ, ಗಟ್ಟಿಯಾಗಿ. ತಮ್ಮ ಬಸ್ಸು ಬಂದರೂ ಹತ್ತಲಿಲ್ಲ, ಇನ್ನೊಂದು ಬಸ್ಸು ಓದಬೇಕೆಂದಳು. ಅನುಸೂಯಾ ಬೇಡವೆನ್ನಲಿಲ್ಲ.

ಆಗ ಮುಕ್ತಾ ತಿರುಗಿ ಕೇಳಿದಳು. "ಅವ್ವಾ, ಉಳಿದವ್ರಿಗೆಲ್ಲಾ ಮದ್ಲಿಂದ ಹಿಂಗ ಕಾಣ್ತಿತ್ತೇನ?"

ಸಂತೋಷಪಡಬೇಕಾದ ಹೊತ್ತಿನಲ್ಲೂ ಅನುಸೂಯಾಳಿಗೆ ತನ್ನ ಮೇಲೆ, ಗಂಡನ ಮೇಲೆ, ಆ ಟ್ರಂಕಿನ ಮೇಲೆ ತಡೆಯಲಾರದ ಸಿಟ್ಟು ಬಂತು. ಆ ಸಿಟ್ಟನ್ನು ಅವಳು ಇನ್ನೂ ಇಟ್ಟುಕೊಂಡಿದ್ದಾಳೆ. ಈಗ ಪ್ರತಿ ತಿಂಗಳೂ ಒಂದು ವಾರ ಅವರ ಮನೆಯಲ್ಲಿ ಗಂಟು ಬಿಚ್ಚುವುದಿಲ್ಲ.

ಈ ಕಥೆ ಓದುವ ಅಕ್ಕಂದಿರೇ, ಅಣ್ಣಂದಿರೇ, ಕೇಳುತ್ತ ಕುಳಿತವರೇ, ನಿಮಗೂ ಸಿಟ್ಟು ಬಂತೇ? ಬಂದಿದ್ದರೆ ಅದನ್ನು ಮುಕಾದಮನ ಮೇಲೆ, ಬೀಗರ ಮೇಲೆ ಹಾಕಿ ಕೈ ತೊಳೆದುಕೊಳ್ಳಬೇಡಿ. ಇವತ್ತೇ ನಿಮ್ಮ ಮನೆಯ ಟ್ರಂಕು ತೆಗೆಯಿರಿ. ಯಾರೂ ಉಡದ, ಯಾರೂ ತೊಡದ, ಯಾರಿಗೂ ಬೇಡದ ಎಷ್ಟು ಮರ್ಯಾದೆ ಅದರಲ್ಲಿ ಮಡಚಿ ಬಿದ್ದಿದೆ ನೋಡಿ. ಆಮೇಲೆ ಮನೆಯವರೆಲ್ಲ ಕುಳಿತು, ಊಟ ಔಷಧ ಶಾಲೆ ಬಾಡಿಗೆ ಮೊದಲು ತೆಗೆದಿಟ್ಟು, ಒಂದೇ ಒಂದು ವಾರ ಗಂಟು ಕಟ್ಟಿ ನೋಡಿ. ನಿಮ್ಮ ಮನೆಯಲ್ಲೂ ‘ಮುಂದಿನ ಖರ್ಚಿಗೆ ನೋಡೋಣ’ ಎಂಬ ಮಾತು ಕೇಳಿಕೊಂಡು ಸುಮ್ಮನಾದವರು ಒಬ್ಬರು ಇದ್ದೇ ಇರುತ್ತಾರೆ. ಅವರು ಯಾರು, ಅವರಿಗೆ ಬೇಕಾದದ್ದು ಏನು ಎಂದು ಇವತ್ತು ರಾತ್ರಿ ಊಟಕ್ಕೆ ಕೂತಾಗ ಕೇಳಿ. ಗಂಟಿಗೆ ಅವರ ಹೆಸರಿಡಿ.